ಮಲಗುವ ಶಿಕ್ಷೆ

ಬೇಲೂರು ಕೋರ್ಟಿನ ಕಟಕಟೆಯಲ್ಲಿ ಲಾರಿ ಡ್ರೈವರ್ ನಿಂತಲ್ಲೇ ತೂಕಡಿಸಿ ಮುಗ್ಗರಿಸಿದ. ಸಾಕ್ಷಿ ಹೇಳಲು ಬಂದಿದ್ದ ನನಗೆ ಮೈಯೆಲ್ಲ ಉರಿಯಿತು. ಅರವತ್ತರ ದಶಕದ ಮಾತು. ಆಗ ನಾನು ಹಳೇಬೀಡಿನಲ್ಲಿ ಮೇಷ್ಟ್ರು. ಕಣಕಟ್ಟೆಯಿಂದ ತೆಂಗಿನಕಾಯಿ ತುಂಬಿಕೊಂಡು ಬರುತ್ತಿದ್ದ ಅವನ ಲಾರಿ ಬಸ್ತಿಹಳ್ಳಿ ತಿರುವಿನಲ್ಲಿ ನನ್ನ ಮೇಲೆಯೇ ನುಗ್ಗಿತ್ತು. ಚರಂಡಿಗೆ ಹಾರಿ ನಾನು ಉಳಿದುಕೊಂಡೆ, ಸೈಕಲ್ ನುಜ್ಜುಗುಜ್ಜಾಯಿತು.

ಡ್ರೈವರ್ ತಪ್ಪು ಒಪ್ಪಿಕೊಂಡ. ಮ್ಯಾಜಿಸ್ಟ್ರೇಟರು ದಂಡ ಹೇಳುವಷ್ಟರಲ್ಲಿ ಅವನ ಹೆಂಡತಿ ಹಿಂದಿನಿಂದ ಎದ್ದು ಕೈಮುಗಿದಳು.

"ದಂಡ ಕಟ್ಟಿ ಮತ್ತೆ ಲೋಡು ಹೇರ್ಕೊಂಡು ಹೊಂಟೋಯ್ತಾರೆ ಸ್ವಾಮಿ. ಮಾಲೀಕರು ಬಿಡಾಕಿಲ್ಲ. ಕಣ್ತುಂಬ ನಿದ್ದೆ ಮಾಡಿ ಯಾವ ಕಾಲ ಆಯ್ತೋ. ಮಲಿಕ್ಕೋ ಅಂತ ತಾವೇ ಒಂದು ಹುಕುಂ ಮಾಡಿ."

ಯಾರೋ ನಕ್ಕರು. ಮ್ಯಾಜಿಸ್ಟ್ರೇಟರು ನಗಲಿಲ್ಲ. ದಂಡದ ಜೊತೆಗೆ, ಸಂಜೆ ಕೋರ್ಟು ಮುಗಿಯುವವರೆಗೆ ಅಲ್ಲೇ ಇರಬೇಕೆಂಬ ಶಿಕ್ಷೆಯನ್ನೂ ವಿಧಿಸಿದರು. "ಆ ಬೆಂಚಿನ ಮೇಲಿರಪ್ಪ. ಮಲಗಿದರೂ ನನ್ನದೇನೂ ತಕರಾರಿಲ್ಲ" ಎಂದರು.

ಬೆಂಚಿಗೆ ತಲೆ ಇಡುತ್ತಲೇ ಅವನಿಗೆ ನಿದ್ದೆ ಹತ್ತಿತು. ಹೆಂಡತಿ ಪಕ್ಕದಲ್ಲಿ ಕುಳಿತು ಸೆರಗಿನಿಂದ ನೊಣ ಓಡಿಸುತ್ತಿದ್ದಳು. ಮುಂದಿನ ಕೇಸಿನವರನ್ನು ಕೂಗಬೇಕಿದ್ದ ಜವಾನ ಆಚೆ ಹೋಗಿ ಮೆಲ್ಲಗೆ ಕರೆದ. ವಕೀಲರೂ ದನಿ ತಗ್ಗಿಸಿಯೇ ವಾದಿಸಿದರು.

ನನ್ನ ಕೋಪ ಯಾವಾಗ ಇಳಿಯಿತೋ ಗೊತ್ತಿಲ್ಲ. ಕೆಲಸ ಮುಗಿದಿದ್ದರೂ ಸಂಜೆಯವರೆಗೆ ಅಲ್ಲೇ ಕುಳಿತಿದ್ದೆ. ಕೋರ್ಟು ಮುಗಿದ ಮೇಲೂ ಅವನನ್ನು ಎಬ್ಬಿಸಲು ನಮ್ಮಲ್ಲಿ ಯಾರಿಗೂ ಮನಸ್ಸು ಬರಲಿಲ್ಲ.