ಪೂಜೆಗೆ ಲೈಸನ್ಸ್ ಬೇಡ

ಹುಬ್ಬಳ್ಳಿಯ ದುರ್ಗದಬೈಲಿಗೆ ಸೀರೆ ಕೊಳ್ಳಲು ಹೋದ ಹೆಂಗಸಿಗೆ ಸಿಗುವ ಮರ್ಯಾದೆಯನ್ನು ನಾನು ಚೆನ್ನಾಗಿ ಬಲ್ಲೆ. ಮೆಟ್ಟಿಲು ಹತ್ತುವ ಮೊದಲೇ ಬರ್ರಿ ಅಕ್ಕಾರ ಎಂದು ಕರೆಯುತ್ತಾರೆ. ಕೂಡಲು ಗಾದಿ, ಕುಡಿಯಲು ನೀರು, ಅದರ ಹಿಂದೆಯೇ ಚಹಾ. ಒಂದು ಇಳಕಲ್ ಸೀರೆ ನೋಡಲು ಹೋದವಳ ಮುಂದೆ ಅಂಗಡಿಯನ್ನೇ ಕೆಳಗಿಳಿಸಿ ಹಾಕುತ್ತಾರೆ. ಏನೂ ಕೊಳ್ಳದೆ ಎದ್ದು ಬಂದರೆ ನಗುತ್ತಲೇ ಕಳಿಸಿಕೊಟ್ಟು, ನಾವು ಓಣಿ ದಾಟಿದ ಮೇಲೆ ಬೈದುಕೊಳ್ಳುತ್ತಾರೆ. ವ್ಯಾಪಾರಸ್ಥರ ಸಭ್ಯತೆ ಎಂದರೆ ಅದು. ಬಂದೂಕಿನ ಅಂಗಡಿಯಲ್ಲಿ ಅಷ್ಟೆಲ್ಲ ತಡೆದುಕೊಳ್ಳುವುದಿಲ್ಲ, ಎದುರಿಗೇ ಬೈಯುತ್ತಾರೆ.

ನಾನು ಹೇಳುತ್ತಿರುವ ಬಂದೂಕಿನ ಅಂಗಡಿ ಹುಬ್ಬಳ್ಳಿಯ ಯಾವ ಓಣಿಯಲ್ಲಿದೆ ಎಂದು ಹೇಳುವುದಿಲ್ಲ. ಹೇಳಿದರೆ ಮಾಲೀಕರು ಅದನ್ನೂ ಜಾಹೀರಾತು ಎಂದುಕೊಂಡು ಖುಷಿಪಟ್ಟಾರು. ಅಜ್ಜನ ಕಾಲದ ಅಂಗಡಿ. ಗಾಜಿನ ಕಪಾಟಿನಲ್ಲಿ ನಾಲ್ಕಾರು ಬಂದೂಕು, ಅವುಗಳ ಮೇಲೆ ಅಜ್ಜನ ಕಾಲದ್ದೇ ಧೂಳು. ಅಸಲಿ ವ್ಯಾಪಾರವೆಲ್ಲ ಮಂಗಗಳನ್ನು ಓಡಿಸುವ ಏರ್‌ಗನ್ನಿನದು. ಆದರೆ ಮಾಲೀಕರ ಗತ್ತು ಮಾತ್ರ ಸೈನ್ಯಕ್ಕೆ ತೋಪು ಪೂರೈಸುವವರದು. ಗಿರಾಕಿ ಒಳಗೆ ಬಂದರೆ ಕೈಯಲ್ಲಿದ್ದ ಪೇಪರನ್ನು ಮೂಗಿನವರೆಗೆ ಇಳಿಸಿ, ಬಂದವರು ಕೊಲೆಗಾರರೋ ದಡ್ಡರೋ ಎಂದು ಒಮ್ಮೆ ನೋಡಿ, ಮತ್ತೆ ಏರಿಸುತ್ತಿದ್ದರು.

ನನಗೆ ಈ ಅಂಗಡಿಯ ನಂಟು ಅಂಟಿಸಿ ಹೋದವನು ನಮ್ಮಪ್ಪ. ಅವನದೊಂದು ಜೋಡುನಳಿಗೆಯ ಬಂದೂಕು ಇತ್ತು. ಕಲಘಟಗಿ ದಾರಿಯಲ್ಲಿ ನಮ್ಮ ಹೊಲ, ಹೊಲದ ಆಚೆಗೆ ಕಾಡು, ಕಾಡಿನ ತುಂಬ ಹಂದಿ. ಗೋವಿನಜೋಳ ತೆನೆಗಟ್ಟಿತೆಂದರೆ ಹಂದಿಗಳಿಗೆ ಯಾರೋ ಲಗ್ನಪತ್ರಿಕೆ ಕಳಿಸಿದಂತೆ ಕುಟುಂಬ ಸಮೇತ ಬರುತ್ತಿದ್ದವು. ಅಪ್ಪ ಆಕಾಶಕ್ಕೆ ಒಂದು ಈಡು ಹೊಡೆದರೆ ಸಾಕು, ಎಂಟು ದಿನ ಆ ಕಡೆ ಸುಳಿಯುತ್ತಿರಲಿಲ್ಲ. ಜೀವಮಾನದಲ್ಲಿ ಒಂದು ಗುಬ್ಬಿಯನ್ನೂ ಕೊಂದವನಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸದೆ ಬಾಯಿಗೆ ನೀರು ಹಾಕದವನು ಬಂದೂಕು ಇಟ್ಟುಕೊಂಡಿದ್ದು ಸದ್ದಿಗಾಗಿ.

ಅವನು ತೀರಿಕೊಂಡ. ನಾನು ಒಬ್ಬಳೇ ಮಗಳು. ಲೈಸನ್ಸ್ ಇದ್ದವನು ಸತ್ತರೆ ವಾರಸುದಾರರು ಬಂದೂಕನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಅಂಗಡಿಯಲ್ಲಿ ಠೇವಣಿ ಇಟ್ಟು, ತಮ್ಮ ಹೆಸರಿಗೆ ಲೈಸನ್ಸ್ ಮಾಡಿಸಿಕೊಂಡು ಬಿಡಿಸಿಕೊಳ್ಳಬೇಕು. ನನಗೆ ಆ ಬಂದೂಕು ಬೇಕಿತ್ತು. ನೆನಪಿಗೆ ಎಂದು ಗೋಡೆಗೆ ತೂಗುಹಾಕಲು ಅಲ್ಲ. ಪಾಲಿಗೆ ಹೊಲ ಮಾಡುವವನು ಈಗಾಗಲೇ, ಹಂದಿಯ ಉಪದ್ರವ ಹೀಗೇ ಇದ್ದರೆ ಬರುವ ವರ್ಷ ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿಬಿಟ್ಟಿದ್ದ. ಅಪ್ಪನ ಬಂದೂಕು ಅಪ್ಪನ ಹೊಲದಲ್ಲಿ ಮತ್ತೆ ಸದ್ದು ಮಾಡಬೇಕು, ಅದು ನನ್ನ ಕೈಯಿಂದಲೇ ಆಗಬೇಕು. ನನ್ನ ಹಟ ಇಷ್ಟೇ.

ಹಿಡಿಯಲು ಬರುತ್ತಿರಲಿಲ್ಲ ಎಂದು ಯಾರೂ ತಿಳಿಯಬೇಡಿ. ಲಂಗ ತೊಡುವ ವಯಸ್ಸಿನಿಂದ ಅಪ್ಪನ ಪಕ್ಕ ಕೂತು ಚಿಂದಿ ಅರಿವೆ, ಹೊಲಿಗೆ ಯಂತ್ರದ ಎಣ್ಣೆ ಹಿಡಿದವಳು ನಾನು. ಬಂದೂಕನ್ನು ಮಡಚಿ ನಳಿಗೆಯನ್ನು ಬೆಳಕಿಗೆ ಹಿಡಿದರೆ ಒಳಗೆಲ್ಲ ಕನ್ನಡಿಯ ಹಾಗೆ ಹೊಳೆಯಬೇಕು, ಹೊಳೆಯದಿದ್ದರೆ ಕಾಡತೂಸು ಹಾಕಲೇಬಾರದು, ಹಾಕಿದರೆ ನಳಿಗೆ ಹೊಡೆದವನ ಮುಖಕ್ಕೇ ಸಿಡಿಯುತ್ತದೆ ಎಂದು ಅಪ್ಪ ಹೇಳಿಕೊಟ್ಟಿದ್ದ. ಮಹಾನವಮಿಯ ಖಂಡೇಪೂಜೆಯ ದಿನ ಊರೆಲ್ಲ ತಮ್ಮ ಕುಡಗೋಲು, ಕೊಡಲಿ, ಟ್ರ್ಯಾಕ್ಟರುಗಳಿಗೆ ನೀರು ಸುರಿದು ಮೆರೆಸುವಾಗ ಅಪ್ಪ ಬಂದೂಕಿನ ಕಟ್ಟಿಗೆಯ ಹಿಡಿಕೆಗೆ ಮೂರು ಬೆರಳು ವಿಭೂತಿ ಎಳೆದು ಮುಗಿಸುತ್ತಿದ್ದ. ಕಬ್ಬಿಣಕ್ಕೆ ಒಂದು ಹನಿ ನೀರು ತಾಗಗೊಡುತ್ತಿರಲಿಲ್ಲ.

ಠೇವಣಿ ಇಡಲು ಹೋದ ದಿನ ಮಾಲೀಕರು ಪೇಪರ್ ಇಳಿಸಿ, ನನ್ನ ಭುಜದ ಮೇಲಿಂದ ಬಾಗಿಲಿನ ಕಡೆ ನೋಡಿ, “ಸಾಹೇಬ್ರು ಬಂದಿಲ್ಲೇನ್ರಿ?” ಎಂದರು. ಸಾಹೇಬರು ನವನಗರದ ಮನೆಯಲ್ಲಿ ತೊಗರಿಬೇಳೆ ಕುಕ್ಕರಿಗೆ ಇಟ್ಟು ಸೀಟಿ ಎಣಿಸುತ್ತಿದ್ದಾರೆ, ಬಂದೂಕಿನ ವಾರಸುದಾರಳು ನಾನು ಎಂದೆ. ಅವರಿಗೆ ಅದು ಕೇಳಿಸಲಿಲ್ಲ. ಮುಂದಿನ ಸಲ ಸಾಹೇಬರನ್ನು ಕರೆದುಕೊಂಡೇ ಹೋದೆ. ನಮ್ಮ ಸಾಹೇಬರು ಜಿರಲೆ ಕಂಡರೆ ಮಂಚ ಹತ್ತುವ ಮನುಷ್ಯ. ಆದರೆ ಅವರಿಗೆ ಕುರ್ಚಿ ಬಂತು, ಚಹಾ ಬಂತು, ಕಪಾಟಿನಿಂದ ಒಂದು ಹೊಸ ಬಂದೂಕೂ ಇಳಿದು ಬಂತು. ಹೆಗಲಿಗೆ ಏರಿಸಿ ನೋಡ್ರಿ ಎಂದು ಮಾಲೀಕರು ಉಪಚಾರ ಮಾಡಿದರೆ ನಮ್ಮವರು ಅದನ್ನು ಕೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಬೆವರುತ್ತ ಕೂತರು. ನನ್ನ ಒಂದೊಂದು ಪ್ರಶ್ನೆಗೂ ಮಾಲೀಕರ ಉತ್ತರ ಅವರಿಗೇ. ನಾನು ಅಲ್ಲಿ ನಿಂತಿದ್ದು ಗೋಡೆಯ ಕ್ಯಾಲೆಂಡರಿಗೆ ಮಾತ್ರ ಗೊತ್ತಿತ್ತು.

ಈ ನಡುವೆ ದೊಡ್ಡಪ್ಪನ ಮಗನಿಗೆ ಮನೆತನದ ನೆನಪಾಯಿತು. ಅವನನ್ನು ನಾನು ಅಣ್ಣ ಎಂದೇ ಕರೆಯುತ್ತೇನೆ. ಹತ್ತಿ, ಕಾಳಿನ ದಲಾಲಿ ಅಂಗಡಿ, ಕೊರಳಲ್ಲಿ ಹಗ್ಗದಷ್ಟು ದಪ್ಪನೆಯ ಸರ, ಮಾತು ಅದಕ್ಕಿಂತ ದಪ್ಪ. ಅಪ್ಪನ ಕಾಯಿಲೆಯ ದಿನಗಳಲ್ಲಿ ಆಸ್ಪತ್ರೆಯ ದಾರಿ ಗೊತ್ತಿಲ್ಲದವನು ಅಪ್ಪನ ಬಂದೂಕಿನ ದಾರಿಯನ್ನು ಸರಿಯಾಗಿ ಹಿಡಿದ. ಬಂದೂಕು ಎಂದರೆ ಮನೆತನದ ಗೌರವ, ಅದು ಗಂಡುಮಕ್ಕಳ ಕೈಯಲ್ಲಿ ಇರಬೇಕು, ಕೊಟ್ಟ ಹೆಣ್ಣುಮಗಳ ಜೊತೆ ಹೊರಗೆ ಹೋದರೆ ಹಿರಿಯರು ಮೆಚ್ಚುವುದಿಲ್ಲ ಎಂದು ಬೀಗರ ಮನೆಗಳಲ್ಲಿ, ಮದುವೆ ಊಟದ ಪಂಕ್ತಿಗಳಲ್ಲಿ ಹೇಳಿಕೊಂಡು ತಿರುಗಿದ. ಹಂದಿಯ ವಿಷಯ ಅವನ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಗೋವಿನಜೋಳಕ್ಕೆ ಗೌರವ ಎಲ್ಲಿಯದು?

ನಾನು ಆಗಾಗ ಅಂಗಡಿಗೆ ಹೋಗಿ, ಮಳೆಗಾಲ ಬಂದಿದೆ, ನಳಿಗೆಗೆ ಒಂದು ಸಲ ಎಣ್ಣೆ ಕೈ ಆಡಿಸಿ ಹೋಗುತ್ತೇನೆ, ನಿಮ್ಮ ಕಣ್ಣೆದುರಿಗೇ ಮಾಡುತ್ತೇನೆ ಎಂದು ಕೇಳಿಕೊಂಡೆ. ಮಾಲೀಕರು ಪೇಪರಿನ ಹಿಂದಿನಿಂದಲೇ, “ಲೈಸನ್ಸ್ ಇಲ್ಲದೋರು ಮುಟ್ಟಂಗಿಲ್ರಿ ಅಕ್ಕಾರ, ಕಾಯ್ದೆ ಐತಿ,” ಎಂದರು. ಕಾಯ್ದೆ ಎಂದರೆ ಕಾಯ್ದೆ. ಹಾಗಾದರೆ ನೀವಾದರೂ ಎಣ್ಣೆ ಹಾಕಿ ಎಂದೆ. ಅವರು ಹೂಂ ಎಂದರು. ಆ ಹೂಂ ಎಷ್ಟು ಸೋಮಾರಿಯಾಗಿತ್ತೆಂದರೆ ಅದು ಪೇಪರು ದಾಟಿ ಈಚೆ ಬರಲೇ ಇಲ್ಲ.

ಆ ದಸರೆಗೆ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಬಂತು. ನೋಡಿ ನನ್ನ ಕೈಯಲ್ಲಿದ್ದ ಹೋಳಿಗೆ ತಟ್ಟೆಗೆ ಬಿತ್ತು. ಅದೇ ಅಂಗಡಿ, ಅದೇ ಕಪಾಟು. ಮುಂದೆ ತಲೆಗೆ ರೇಷ್ಮೆ ಪಟಕಾ ಸುತ್ತಿಕೊಂಡ ಅಣ್ಣ. ಅವನ ಕೈಯಲ್ಲಿ ಚೆಂಡುಹೂವಿನ ಮಾಲೆ ಹಾಕಿಸಿಕೊಂಡ ಅಪ್ಪನ ಬಂದೂಕು, ಪಕ್ಕದಲ್ಲಿ ಕೈಮುಗಿದು ನಿಂತ ಮಾಲೀಕರು. ಕೆಳಗೆ ‘ಹಿರಿಯರ ಆಶೀರ್ವಾದ’ ಎಂದು ಬರೆದಿದ್ದ. ಅದಕ್ಕೆ ಬಂದ ಕೈಮುಗಿಯುವ ಚಿತ್ರಗಳನ್ನು ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು. ಅಪ್ಪ ಸತ್ತಾಗಲೂ ಗುಂಪಿನಲ್ಲಿ ಅಷ್ಟು ಜನ ಕೈಮುಗಿದಿರಲಿಲ್ಲ.

ಹಬ್ಬ ಮುಗಿದ ಮೇಲೆ ಅಂಗಡಿಗೆ ಹೋದೆ. ನನಗೆ ಮುಟ್ಟಲು ಕಾಯ್ದೆ ಅಡ್ಡ ಬಂತು, ನಮ್ಮಣ್ಣನಿಗೆ ಯಾವ ಲೈಸನ್ಸ್ ಇದೆ ಎಂದು ಕೇಳಿದೆ. ಮಾಲೀಕರು ನನ್ನ ಅಜ್ಞಾನಕ್ಕೆ ಮರುಗಿದವರಂತೆ ಕನ್ನಡಕ ತೆಗೆದರು.

“ಪೂಜಾಕ್ಕ ಲೈಸನ್ಸ್ ಬೇಕಾಗೂದಿಲ್ರಿ,” ಎಂದರು.

ಈ ಕಲಮು ಯಾವ ಕಾಯ್ದೆಯ ಪುಸ್ತಕದಲ್ಲಿದೆಯೋ ನನಗೆ ಇವತ್ತಿಗೂ ತಿಳಿದಿಲ್ಲ. ಎಣ್ಣೆ ಹಚ್ಚಿದರೆ ಅಪರಾಧ, ಮಾಲೆ ಹಾಕಿದರೆ ಭಕ್ತಿ. ಅಣ್ಣನೇ ಎಲ್ಲ ಸಾಮಾನು ತರುತ್ತಾನೆ, ಶಾಸ್ತ್ರೋಕ್ತವಾಗಿ ಮಾಡುತ್ತಾನೆ, ಅಂಗಡಿಗೂ ಶ್ರೇಯಸ್ಸು ಎಂದು ಹೇಳಿ ಅವರು ನನಗೆ ಒಂದು ಪೇಢೆ ಕೊಟ್ಟರು. ಮೊದಲ ಸಲ ಆ ಅಂಗಡಿಯಲ್ಲಿ ನನಗೆ ಸಿಕ್ಕ ಉಪಚಾರ ಅದು. ತಿನ್ನಲಿಲ್ಲ, ಹೊರಗೆ ಬಂದು ಒಂದು ಕರುವಿಗೆ ಹಾಕಿದೆ.

ಲೈಸನ್ಸಿನ ಕತೆ ಬೇರೆ ಹೇಳಬೇಕೇ? ವಿಚಾರಣೆಗೆ ಬಂದ ಪ್ರತಿಯೊಬ್ಬರೂ, ಕಾಲೇಜಿನಲ್ಲಿ ಪಾಠ ಹೇಳುವ ಹೆಣ್ಣುಮಗಳಿಗೆ ಬಂದೂಕು ಯಾಕೆ ಎಂದು ನಮ್ಮ ಸಾಹೇಬರನ್ನು ಪಕ್ಕಕ್ಕೆ ಕರೆದು ಕೇಳಿದರು. ಮನೆಯಲ್ಲಿ ಎಲ್ಲ ಸರಿಯಿದೆಯಲ್ಲವೇ ಎಂದು ಒಬ್ಬರು ತೀರ ಕಳಕಳಿಯಿಂದ ವಿಚಾರಿಸಿದರಂತೆ. ಸಾಹೇಬರು, ಹಂದಿಗಾಗಿ ಎಂದರೆ, ಬಂದವರು ಅವರನ್ನೇ ಅನುಮಾನದಿಂದ ನೋಡಿ ಹೋದರು. ನಾನು ಕಚೇರಿಗೆ ಎಡತಾಕುವುದನ್ನು ಬಿಡಲಿಲ್ಲ. ನನ್ನ ಮುಖ ಕಂಡರೆ ಗುಮಾಸ್ತರು ಊಟದ ಡಬ್ಬಿ ಮುಚ್ಚಿಕೊಂಡು ಎದ್ದು ಹೋಗುವ ಮಟ್ಟಕ್ಕೆ ಬಂದಿತ್ತು. ಅಣ್ಣ ಮಾತ್ರ ಒಂದು ವರ್ಷವೂ ಖಂಡೇಪೂಜೆ ತಪ್ಪಿಸಲಿಲ್ಲ. ಫೋಟೋ ಬರುತ್ತಲೇ ಇತ್ತು, ಮಾಲೆ ದಪ್ಪವಾಗುತ್ತಲೇ ಇತ್ತು.

ಕಡೆಗೂ ಲೈಸನ್ಸ್ ನನ್ನ ಹೆಸರಿಗೆ ಬಂತು. ಖಂಡೇಪೂಜೆಯ ದಿನವೇ, ಹೊಸ ಸೀರೆ ಉಟ್ಟು, ಬಂದೂಕು ಬಿಡಿಸಿಕೊಳ್ಳಲು ಹೋದೆ. ಆ ವರ್ಷದ ಪೂಜೆ ನನ್ನ ಮನೆಯಲ್ಲಿ, ಅಪ್ಪನ ಹಾಗೆ ಮೂರು ಬೆರಳು ವಿಭೂತಿಯಲ್ಲಿ ಆಗಬೇಕು ಎಂದು ಆಸೆಯಿತ್ತು. ಸಂತೋಷಕ್ಕೆ ಬಸ್ಸಿನಲ್ಲಿ ಪಕ್ಕದ ಸೀಟಿನ ಅಪರಿಚಿತ ಹೆಂಗಸಿಗೂ ವಿಷಯ ಹೇಳಿದೆ. ಆಕೆ ಎದ್ದು ಬೇರೆ ಸೀಟಿಗೆ ಹೋದಳು.

ಮಾಲೀಕರು ಲೈಸನ್ಸನ್ನು ತಿರುಗಿಸಿ ಮುರುಗಿಸಿ ನೋಡಿದರು. ತಪ್ಪು ಸಿಗಲಿಲ್ಲ. ಒಳಗೆ ಹೋಗಿ ಬಂದೂಕು ತಂದು ಗಾಜಿನ ಮೇಜಿನ ಮೇಲೆ ಇಟ್ಟರು. ಅದರ ಮೈಗೆಲ್ಲ ಕುಂಕುಮ, ಅರಿಶಿನದ ಭಂಡಾರ, ಒಣಗಿದ ಎಸಳು. ನಾನು ಅಪ್ಪ ಕಲಿಸಿದ ಹಾಗೆ ಮೊದಲು ಅದನ್ನು ಮಡಚಲು ನೋಡಿದೆ. ಜಗ್ಗಲಿಲ್ಲ. ಮೊಣಕಾಲಿಗೆ ಒತ್ತಿ ಜಗ್ಗಿದರೂ ಬರಲಿಲ್ಲ. ಮಾಲೀಕರು, ಹೆಣ್ಣುಮಕ್ಕಳ ಕೈಗೆ ಆಗುವ ಕೆಲಸವಲ್ಲ ಎಂದು ತಾವೇ ತೆಗೆದುಕೊಂಡು, ಕೆಂಪಗಾಗಿ, ಬೆವರಿ, ಕೊನೆಗೆ ಸುತ್ತಿಗೆಯ ಹಿಡಿಕೆಯಿಂದ ಹೊಡೆದರು. ಕಟ್ಟೆಂದು ಬಾಯಿ ತೆರೆಯಿತು. ನಳಿಗೆಯೊಳಗಿಂದ ಕೆಂಪಿರುವೆಗಳು ಸಾಲುಹಿಡಿದು ಹೊರಬಂದು ಗಾಜಿನ ಮೇಲೆ ಹರಿದಾಡಿದವು.

ಬಂದೂಕನ್ನು ಕಿತ್ತುಕೊಂಡು ಬಾಗಿಲ ಬೆಳಕಿಗೆ ಹಿಡಿದೆ. ಒಂದು ನಳಿಗೆಯಲ್ಲಿ ಬೆಳಕೇ ಇಲ್ಲ. ಇನ್ನೊಂದರಲ್ಲಿ ಹಲ್ಲು ಹುಳುಕಾದ ಬಾಯಿಯ ಹಾಗೆ ತುಕ್ಕು, ಗುಳಿ, ಕರ್ರಗಿನ ಹಕ್ಕಳೆ. ಹುಳಿತ ವಾಸನೆ ಬೇರೆ. ಬಂದೂಕಿನಿಂದ ಮೊಸರಿನ ವಾಸನೆ ಬರುವುದನ್ನು ನಾನು ಅದೇ ಮೊದಲು ಕಂಡಿದ್ದು. ಇದೇನಿದು ಎಂದು ಕೇಳುವಷ್ಟರಲ್ಲಿ ಹಿಂದೆ ಚಪ್ಪಲಿ ಬಿಚ್ಚಿದ ಸದ್ದಾಯಿತು. ಪಟಕಾ ಸುತ್ತಿಕೊಂಡು ಅಣ್ಣ ಬಂದಿದ್ದ. ಒಂದು ಕೈಯಲ್ಲಿ ಮಾಲೆ, ಇನ್ನೊಂದು ಕೈಯಲ್ಲಿ ಹಿತ್ತಾಳೆ ತಂಬಿಗೆ. ತಂಬಿಗೆಯ ತುಂಬ ಪಂಚಾಮೃತ.

ಅವನು ನಾಚಿಕೆಪಡಲಿಲ್ಲ. ಹೆಮ್ಮೆಯಿಂದಲೇ ಹೇಳಿದ. ಬಂದೂಕನ್ನು ಲಿಂಗದ ಹಾಗೆ ನೆಟ್ಟಗೆ ನಿಲ್ಲಿಸಿ, ನಳಿಗೆಯ ಬಾಯೊಳಗೆ ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಎಲ್ಲವನ್ನೂ ಎರೆದು ಪ್ರತಿ ವರ್ಷ ಅಭಿಷೇಕ ಮಾಡಿದ್ದನಂತೆ. ಒಂದು ಹನಿ ನೆಲಕ್ಕೆ ಚೆಲ್ಲಿರಲಿಲ್ಲವಂತೆ, ಎಲ್ಲ ಒಳಗೇ ಹೋಗಿತ್ತಂತೆ. ಬಂದೂಕು ಮಾರುವುದನ್ನೇ ಕುಲಕಸುಬು ಮಾಡಿಕೊಂಡ ಮಾಲೀಕರು ಆಗೆಲ್ಲ ಪಕ್ಕದಲ್ಲಿ ನಿಂತು ಗಂಟೆ ಬಾರಿಸಿದ್ದರು. ಪ್ರಸಾದ ಒರೆಸಬಾರದು ಎಂದು ಹಾಗೆಯೇ ಒಳಗಿಟ್ಟಿದ್ದರು.

ನನ್ನ ಕಣ್ಣಿಗೆ ನೀರು ಬಂತು. ಸಿಟ್ಟಿಗೋ ದುಃಖಕ್ಕೋ ಎಂದು ಬೇರೆ ಮಾಡಿ ನೋಡುವಷ್ಟು ವ್ಯವಧಾನ ಇರಲಿಲ್ಲ. ಅಪ್ಪ ವರ್ಷಗಟ್ಟಲೆ ಒಂದು ಹನಿ ನೀರು ತಾಗಿಸದೆ ಕಾಪಾಡಿದ ಕಬ್ಬಿಣವನ್ನು ಇವರಿಬ್ಬರೂ ಭಕ್ತಿಯಿಂದ ಕೊಳೆಸಿ ಇಟ್ಟಿದ್ದರು. ಮಾಲೀಕರಿಗೆ ನನ್ನ ಮುಖ ಕಂಡು ಗಾಬರಿಯಾಯಿತೇನೋ, ಇದೇನು ದೊಡ್ಡದಲ್ಲ, ಒಂದು ಸರಳು ಹಾಕಿ ತಿಕ್ಕಿದರೆ ಮೊದಲಿನ ಹಾಗೇ ಆಗುತ್ತದೆ, ಬೇಕಾದರೆ ಇವತ್ತೇ ಹೊಡೆಯಬಹುದು ಎಂದರು. ಅಣ್ಣನೂ ಹೌದೌದು ಎಂದ. ದೇವರಿಗೆ ಎರೆದ ಹಾಲಿನಿಂದ ಯಾರಿಗಾದರೂ ಕೇಡಾಗಿದೆಯೇ ಎಂದು ನನ್ನನ್ನೇ ಕೇಳಿದ.

ನಾನು ಬಂದೂಕನ್ನು ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು, ಅವನ ಮುಂದೆ ನೀಡಿದೆ.

“ಅಣ್ಣಾ, ಹೊಲಕ್ಕ ಹೋಗೂಣು ನಡಿ. ಕಾಡತೂಸು ಹಾಕಿ ಹೆಗಲಿಗೆ ಏರಿಸಿ ಒಂದ ಈಡು ಹೊಡದು ತೋರಸು. ಲೈಸನ್ಸ್ ನಾನ ಬಿಟ್ಟು ಕೊಡ್ತೇನಿ. ಬಂದೂಕು ನಿಂದು.”

ಅವನು ಮಾಲೀಕರ ಮುಖ ನೋಡಿದ. ಮಾಲೀಕರು ಗಾಜಿನ ಮೇಲಿನ ಇರುವೆ ಒರೆಸತೊಡಗಿದರು. ನನ್ನ ಕೈ ಚಾಚಿಯೇ ಇತ್ತು. ಜೋಡುನಳಿಗೆ ಹಗುರವಲ್ಲ. ನಾನು ಇಳಿಸಲಿಲ್ಲ.

ಅಣ್ಣ ಒಂದು ಹೆಜ್ಜೆ ಹಿಂದೆ ಸರಿದ. ತಂಬಿಗೆಯಿಂದ ಪಂಚಾಮೃತ ತುಳುಕಿ ಅವನ ಹೊಸ ಧೋತರಕ್ಕೆ ಚೆಲ್ಲಿತು. ಗಂಡುಮಕ್ಕಳು, ಗೌರವ, ಹಿರಿಯರು ಎಲ್ಲ ಒಮ್ಮೆಲೇ ಮರೆತವನ ಹಾಗೆ ಬಹಳ ಮೆತ್ತಗೆ ಹೇಳಿದ.

“ತಂಗಿ, ಅದು ನಿಂದು. ಮೊದಲಿಂದಾನೂ ನಿಂದ. ನೀನ ಇಟ್ಕೋ.”

ಇಷ್ಟು ವರ್ಷ ಅವನ ಬಾಯಿಂದ ಈ ಮಾತು ಕೇಳಬೇಕೆಂದು ನಾನು ಒದ್ದಾಡಿದ್ದೆ. ಅವನು ಅದನ್ನು ಹೇಳಿದ್ದು ಬಂದೂಕು ಸತ್ತ ಮೇಲೆ.