ಸಿಸ್ಟರಮ್ಮನ ಮೊಳೆಗಳು

ಬಾಡಿಗೆ ಮನೆ ಬಿಡುವಾಗ ಜನ ಪಾತ್ರೆ, ಹಾಸಿಗೆ, ಗ್ಯಾಸ್ ಸಿಲಿಂಡರ್ ಒಯ್ಯುತ್ತಾರೆ. ಸಿಸ್ಟರಮ್ಮ ಗೋಡೆಯ ಮೊಳೆಗಳನ್ನೂ ಒಯ್ಯುತ್ತಿದ್ದರು. ಕ್ಯಾಲೆಂಡರಿನ ಮೊಳೆ, ಸೊಳ್ಳೆ ಪರದೆಯ ಕೊಕ್ಕೆ, ಕನ್ನಡಿಯ ಸ್ಕ್ರೂ, ಹೀಗೆ ತಾವು ಹಾಕಿದ್ದನ್ನೆಲ್ಲ ಒಂದೊಂದಾಗಿ ಕಿತ್ತು, ತೂತಿಗೆ ಸುಣ್ಣದ ಉಂಡೆ ಒತ್ತಿ, ಹೆಬ್ಬೆರಳಿನಿಂದ ಸವರುತ್ತಿದ್ದರು. ಇಂಜೆಕ್ಷನ್ ಕೊಟ್ಟ ಜಾಗಕ್ಕೆ ಹತ್ತಿ ಒತ್ತುವ ಹಾಗೆ.

"ನಾನ್ ತಂದ ಮೊಳೆ ಅವನ್ ಗೋಡೇಲಿ ಯಾಕಿರ್ಬೇಕು?" ಎಂದು ಕೇಳುತ್ತಿದ್ದರು. ಇದಕ್ಕೆ ಅವರಿಗೆ ಉತ್ತರ ಬೇಕಿರಲಿಲ್ಲ.

ಅವರ ಹೆಸರು ಗೌರಮ್ಮ. ಆರೋಗ್ಯ ಇಲಾಖೆಯಲ್ಲಿ ನರ್ಸ್ ಆಗಿ ಕಡೂರು, ತರೀಕೆರೆ, ಶಿವನಿ ಎಂದು ವರ್ಗವಾಗುತ್ತ ಬಂದು, ಅಜ್ಜಂಪುರದಲ್ಲಿ ನಿವೃತ್ತರಾದವರು. ಸೂಜಿ ಬಿಟ್ಟು ವರ್ಷಗಳಾದರೂ ಬೀದಿಯವರು ಸಿಸ್ಟರಮ್ಮ ಎಂದೇ ಕರೆಯುತ್ತಿದ್ದರು. ಮದುವೆಯಾಗಿತ್ತೋ ಇಲ್ಲವೋ ನಾನು ಕೇಳಲಿಲ್ಲ. ನನ್ನ ಮದುವೆಯ ಬಗ್ಗೆ ಅವರೂ ಕೇಳಲಿಲ್ಲ. ನಮ್ಮ ಸ್ನೇಹ ಬಾಳಿದ್ದು ಬಹುಶಃ ಅದರಿಂದಲೇ.

ಅಜ್ಜಂಪುರ ತಾಲ್ಲೂಕು ಆದ ಮೇಲೆ ಅಲ್ಲಿಗೆ ಹೊಸ ಕಚೇರಿಗಳು ಬಂದವು. ಅಂಥ ಒಂದು ಕಚೇರಿಗೆ ನನಗೆ ಕೆಲಸದ ಆದೇಶ ಬಂತು. ವಿಶ್ವವಿದ್ಯಾಲಯದ ಹಾಸ್ಟೆಲಿನಿಂದ ನೇರವಾಗಿ ಹೋದವಳ ಹತ್ತಿರ ಪುಸ್ತಕಗಳಿದ್ದವು, ಎರಡು ಪಾತ್ರೆಗಳಿದ್ದವು, ಸುತ್ತಿಗೆ ಇರಲಿಲ್ಲ. ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಪರಮೇಶಪ್ಪ ಎಂಬುವರ ಮನೆ ಸಿಕ್ಕಿತು. ಒಳಗೆ ಹೋಗಿ ನೋಡಿದರೆ ಬಟ್ಟೆ ನೇತುಹಾಕಲು ಒಂದು ಮೊಳೆಯೂ ಇಲ್ಲ. ಬಚ್ಚಲ ಬಾಗಿಲಿಗೆ ಒಳಚಿಲಕವಿಲ್ಲ. ಮುಂಬಾಗಿಲಿಗೂ ಇಲ್ಲ, ಕೀಲಿಯಿಂದ ತಿರುಗಿಸುವ ಬೀಗವೊಂದೇ. ಚಿಲಕವಿದ್ದ ಜಾಗದಲ್ಲಿ ಸ್ಕ್ರೂ ತೂತುಗಳಿಗೆ ಮೇಣ ತುಂಬಿ ನುಣ್ಣಗೆ ಉಜ್ಜಿದ್ದರು. ಅಷ್ಟು ಅಚ್ಚುಕಟ್ಟಾದ ದ್ವೇಷವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅದು ದ್ವೇಷ ಎಂಬುದೂ ಆಗ ಗೊತ್ತಿರಲಿಲ್ಲ.

ಮೊದಲ ಭಾನುವಾರ ಒಂದು ಮೊಳೆ ತಂದು, ಒಳಕಲ್ಲಿನ ಗುಂಡಿನಿಂದ ಹೊಡೆಯಲು ನಿಂತೆ. ಮೊಳೆ ಬಾಗಿತು. ಅಂಗೈಯಗಲ ಗಾರೆ ಉದುರಿತು. ಎದುರು ಮನೆಯ ಜಗಲಿಯಿಂದ ದಪ್ಪ ಕನ್ನಡಕದ, ಬಿಳಿ ಸೀರೆಯ ಹೆಂಗಸೊಬ್ಬರು ಎದ್ದು ಬಂದು ಹೊಸ್ತಿಲ ಆಚೆ ನಿಂತರು.

"ಗುಂಡುಕಲ್ಲಲ್ಲಿ ಮೊಳೆ ಹೊಡೀತೀಯಲ್ಲೇ, ನಿಮ್ಮಮ್ಮ ಏನ್ ಸುತ್ತಿಗೇಲಿ ಚಟ್ನಿ ರುಬ್ತಾಳಾ?"

ನನಗೆ ನಗು ಬಂತು. ಅವರಿಗೆ ಬರಲಿಲ್ಲ. ಬಿದ್ದ ಗಾರೆಯನ್ನು ನೋಡಿ ಮಾತ್ರ ಅವರ ಮುಖ ಸ್ವಲ್ಪ ಸಡಿಲವಾಯಿತು. "ಹೋಗ್ಲಿ ಬಿಡು. ಅವನ್ ಗೋಡೆ ತಾನೆ" ಎಂದು ಹೋಗಿ ತಮ್ಮ ಡಬ್ಬ ತಂದರು.

ಅದು ಲಸಿಕೆ ಒಯ್ಯುವ ನೀಲಿ ಡಬ್ಬ. ಮುಚ್ಚಳ ಮುರಿದು ಆಸ್ಪತ್ರೆಯವರು ಗುಜರಿಗೆ ಹಾಕಿದ್ದನ್ನು ಕೇಳಿ ತಂದದ್ದಂತೆ. ಮಂಜಿನ ಪೊಟ್ಟಣಗಳಿರಬೇಕಾದ ಜಾಗದಲ್ಲಿ ಸುತ್ತಿಗೆ, ಕಟಿಂಗ್ ಪ್ಲೇಯರ್, ದೊಡ್ಡದೊಂದು ಸಣ್ಣದೊಂದು ಸ್ಕ್ರೂಡ್ರೈವರ್, ಕರೆಂಟ್ ನೋಡುವ ಟೆಸ್ಟರ್, ಅಳತೆ ಟೇಪು, ನಲ್ಲಿಯ ವಾಷರುಗಳು. ಜೊತೆಗೆ ರಕ್ತನಾಳ ಹಿಡಿಯುವ ಒಂದು ಇಕ್ಕಳ. ಸಿಂಕಿನ ಕೊಳವೆಯಲ್ಲಿ ಬಿದ್ದ ನಟ್ಟು ತೆಗೆಯಲು ಅದರಂಥ ಸಾಮಾನು ಇನ್ನೊಂದಿಲ್ಲ ಎಂದು ಅವರ ವಾದ. ಮೊಳೆಗಳು ಹಳೆಯ ಮಾತ್ರೆ ಡಬ್ಬಿಗಳಲ್ಲಿದ್ದವು, ಒಬ್ಬೊಬ್ಬ ಮನೆ ಮಾಲೀಕನಿಗೆ ಒಂದೊಂದು ಡಬ್ಬಿ. ಅವುಗಳನ್ನು ಅಲ್ಲಾಡಿಸಿ ನನಗೆ ಪರಿಚಯ ಮಾಡಿಕೊಟ್ಟರು. ಇದು ತರೀಕೆರೆಯವನದು, ಬೇಸಿಗೆಯಲ್ಲಿ ನೀರು ನಿಲ್ಲಿಸಿದವನು. ಇದು ಶಿವನಿಯವಳದು, ಸಿಸ್ಟರಮ್ಮನ ಮನೆಗೆ ಯಾವ ಜಾತಿಯವರು ಬಂದು ಹೋಗುತ್ತಾರೆಂದು ಎಣಿಸುತ್ತಿದ್ದವಳು. ಇದು ಕಡೂರಿನವನದು, ಸತ್ತ. ಸತ್ತವನ ಡಬ್ಬಿಯನ್ನೂ ಅವರು ಖಾಲಿ ಮಾಡಿರಲಿಲ್ಲ.

ಎಲ್ಲಕ್ಕಿಂತ ತುಂಬಿದ್ದ ಡಬ್ಬಿ ಪರಮೇಶಪ್ಪನದು. ಆಗ ತಿಳಿಯಿತು: ನನ್ನ ಮನೆಯಲ್ಲಿ ನನಗಿಂತ ಮುಂಚೆ ಇದ್ದವರು ಇವರೇ. ಮಗನ ಮದುವೆ, ಮನೆ ಬೇಕು ಎಂದು ಹೇಳಿ ಆತ ಇವರನ್ನು ಬಿಡಿಸಿದ್ದ. ಮಗನ ಮದುವೆ ಆಗಲಿಲ್ಲ. ಹೊಸ ಕಚೇರಿಗೆ ಬಂದ, ಹೆಚ್ಚು ಬಾಡಿಗೆ ಕೊಡುವ ನಾನು ಬಂದೆ. ಸಿಸ್ಟರಮ್ಮ ಊರೆಲ್ಲ ಬಿಟ್ಟು ಸರಿಯಾಗಿ ಎದುರು ಮನೆಯ ಮುಂದಿನ ಕೋಣೆಯನ್ನೇ ಹಿಡಿದರು. ಬೇರೆ ಮನೆ ಸಿಗಲಿಲ್ಲವೇ ಎಂದು ಕೇಳಿದೆ.

"ಸಿಗ್ದೇ ಏನು? ಅವನು ಈ ಬೀದಿಗೆ ಬಂದಾಗೆಲ್ಲ ನನ್ ಮುಖ ನೋಡ್ಬೇಕು ಕಣೇ. ಅದಕ್ಕೆ."

ಅವತ್ತು ಅವರು ನನ್ನ ಕೈಗೇ ಸುತ್ತಿಗೆ ಕೊಟ್ಟರು. ಹಿಡಿಯ ತುದಿಯಲ್ಲಿ ಹಿಡಿ, ಮೊದಲು ಮೆಲ್ಲಗೆ ಮುಟ್ಟು, ಆಮೇಲೆ ನಿನಗೆ ಆಗದವರ ಮುಖ ನೆನೆದು ಹೊಡೆ ಎಂದರು. ನನಗೆ ಆಗ ಅಂಥ ಮುಖ ಯಾವುದೂ ಇರಲಿಲ್ಲ. ಹೆಚ್ಚು ದಿನ ಕಾಯಬೇಕಾಗಲಿಲ್ಲ.

ನಾನು ವಸ್ತುಗಳನ್ನು ಇಟ್ಟ ಜಾಗ ಮರೆಯುವವಳಲ್ಲ. ಒಂದು ಸಂಜೆ ಕಚೇರಿಯಿಂದ ಬಂದಾಗ ಮಂಚದ ಮೇಲಿನ ಪುಸ್ತಕ ಮುಚ್ಚಿತ್ತು. ನಾನು ಬೋರಲು ಹಾಕಿ ಹೋಗಿದ್ದೆ. ಇನ್ನೊಂದು ದಿನ ಒಣಗಲು ಹಾಕಿದ ಬಟ್ಟೆಗಳು ಹಗ್ಗದ ಮೇಲೆ ಒಂದು ಪಕ್ಕಕ್ಕೆ ಸರಿದಿದ್ದವು. ಮತ್ತೊಂದು ಮಧ್ಯಾಹ್ನ ಜ್ವರವೆಂದು ಮಲಗಿದ್ದಾಗ ಬೀಗದಲ್ಲಿ ಕೀಲಿ ತಿರುಗಿ, ಪರಮೇಶಪ್ಪ ಒಳಗೆ ಬಂದರು. ನನ್ನನ್ನು ಕಂಡು ಗಾಬರಿಯಾಗಲಿಲ್ಲ. ನಲ್ಲಿ ಸೋರುತ್ತದೇನೋ ನೋಡೋಣವೆಂದು ಬಂದೆ ಎಂದರು. ಹೇಳಿ ಬರಬೇಕಿತ್ತು ಎಂದೆ.

"ಅಯ್ಯೋ, ನಮ್ ಮನೆಗೆ ನಾವು ಹೇಳ್ ಬರ್ಬೇಕೇನಮ್ಮ? ನೀನು ನನ್ ಮಗಳಿದ್ದಂಗೆ" ಎಂದು ಬಚ್ಚಲವರೆಗೂ ಹೋಗಿ ನೋಡಿಕೊಂಡು, ನಿಧಾನವಾಗಿ ಹೊರಟರು. ನಲ್ಲಿ ಸೋರುತ್ತಿರಲಿಲ್ಲ.

ಅಂದಿನಿಂದ ನಾನು ಬಾಗಿಲಿಗೆ ಕುರ್ಚಿ ಒರಗಿಸಿ ಮಲಗುತ್ತಿದ್ದೆ. ಸ್ನಾನಕ್ಕೆ ಹೋಗುವಾಗ ತುಂಬಿದ ಬಕೆಟನ್ನು ಬಾಗಿಲಿಗೆ ಒತ್ತಿ ಇಡುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಮನೆಯವರಿಗೆ ಹೇಳಿದರೆ ಕೆಲಸ ಬಿಟ್ಟು ಬಾ ಎನ್ನುತ್ತಿದ್ದರು. ಬಕೆಟಿನ ಸದ್ದು ದಿನವೂ ಯಾಕೆ ಎಂದು ಸಿಸ್ಟರಮ್ಮ ಕೇಳಿದಾಗ ಮಾತ್ರ, ಯಾಕೋ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವರು ಸೊಪ್ಪು ಬಿಡಿಸುತ್ತಿದ್ದರು. ಕೈ ನಿಂತಿತು. ಬೈಗುಳ ಶುರುವಾಗುತ್ತದೆಂದು ಕಾದೆ, ಬರಲಿಲ್ಲ.

"ಆ ಚಿಲಕಗಳನ್ನ ನಾನು ಹಾಕಿದ್ದೇ ಅದಕ್ಕೆ ಕಣಮ್ಮ" ಎಂದರು. "ನನ್ ಕಾಲದಲ್ಲೂ ಹಿಂಗೇ ಬಂದಿದ್ದ. ಬಿಡುವಾಗ ಅವನಿಗೆ ಉರೀಲಿ ಅಂತ ಕಿತ್ಕೊಂಡ್ ಬಂದ್ಬಿಟ್ಟೆ. ಅವನಿಗೇನ್ ಉರೀತು? ನಾನೇ ಬಾಗ್ಲು ತೆಗ್ದು ಕೊಟ್ಟಂಗಾಯ್ತು."

ಪರಮೇಶಪ್ಪನ ಡಬ್ಬಿಯನ್ನು ಜಗಲಿಯ ಮೇಲೆ ಸುರಿದು, ಅದರ ಸ್ಕ್ರೂಗಳನ್ನೇ ಆರಿಸಿ, ಎರಡು ಚಿಲಕಗಳನ್ನೂ ಅದೇ ತೂತುಗಳಿಗೆ ನನ್ನಿಂದ ಹಾಕಿಸಿದರು. ಮೇಣವನ್ನು ಮಾತ್ರ ಅವರೇ ಕೆದಕಿ ತೆಗೆದರು. ಅದನ್ನು ನನಗೆ ಮುಟ್ಟಲು ಬಿಡಲಿಲ್ಲ.

ಆದರೆ ನಾನಿಲ್ಲದಾಗ ಆತ ಬರುವುದಕ್ಕೆ ಒಳಚಿಲಕ ಏನು ಮಾಡೀತು? ಬೀಗವನ್ನೇ ಬದಲಿಸಬೇಕಿತ್ತು. ಅಜ್ಜಂಪುರದಲ್ಲಿ ಕೊಂಡರೆ ಸಂಜೆಯೊಳಗೆ ಅವನ ಕಿವಿಗೆ ಬೀಳುತ್ತದೆ ಎಂದು ಸಿಸ್ಟರಮ್ಮ ನನ್ನನ್ನು ತರೀಕೆರೆಗೆ ಕರೆದೊಯ್ದರು. ಬಸ್ಸಿನಲ್ಲಿ ಹಳೆ ಬೀಗದ ಅಳತೆಯನ್ನು ಗಿಣಿಪಾಠದಂತೆ ನನ್ನಿಂದ ಹೇಳಿಸಿದರು. ಹೊಸ ಬೀಗ ಕೂರಿಸುವಾಗ ಸ್ಕ್ರೂಡ್ರೈವರ್ ಜಾರಿ ನನ್ನ ಬೆರಳು ತರಚಿತು. ನೀವೇ ಹಾಕಿಬಿಡಿ ಎಂದೆ.

"ನಾನ್ ಹಾಕಿದ್ರೆ ಮುದುಕಿ ಜಗಳ ಅಂತಾರೆ. ನೀನೇ ತಿರುಗ್ಸು" ಎಂದು ಬೆರಳಿಗೆ ಟಿಂಚರ್ ಹಚ್ಚಿ ನನ್ನನ್ನು ಮತ್ತೆ ಕೆಲಸಕ್ಕೆ ಕೂರಿಸಿದರು. ಆ ಹೊತ್ತಿಗೆ ನನಗೆ ನೆನೆಯಲು ಒಂದು ಮುಖವಿತ್ತು. ಸ್ಕ್ರೂಗಳು ಬಿಗಿಯಾಗಿ ಕೂತವು.

ಮರುದಿನ ರಜೆ ಹಾಕಲು ಹೇಳಿದರು. ಚಪ್ಪಲಿ ಒಳಗಿಡು, ಸದ್ದು ಮಾಡಬೇಡ. ಪರಮೇಶಪ್ಪ ಬರುವುದು ಮಧ್ಯಾಹ್ನವೇ, ಗಿರಣಿಯ ಮುಂದೆ ಜನವಿರುವುದೂ ಆಗಲೇ. ಆ ದಿನ ಬರದಿದ್ದರೆ ಇನ್ನೊಂದು ದಿನ ಕಾಯುತ್ತಿದ್ದೆವು. ಆತ ಬಂದರು. ನಾನು ಬಾಗಿಲಿನ ಈಚೆ ನಿಂತು, ಕೀಲಿ ಒಳಗೆ ಹೋಗದೆ ಕೆರೆಯುವುದನ್ನು ಕೇಳಿದೆ. ಅಷ್ಟರಲ್ಲಿ ಕರೆಂಟು ಹೋಗಿ ಗಿರಣಿ ನಿಂತಿತು. ಸಿಸ್ಟರಮ್ಮ ಅದನ್ನೇ ಕಾಯುತ್ತಿದ್ದವರಂತೆ ಜಗಲಿಯಿಂದ ಕೇಳಿದರು.

"ಏನ್ ಪರಮೇಶಪ್ಪನೋರೆ, ಆ ಹುಡುಗಿ ಕಚೇರಿಗೆ ಹೋಗಿರೋ ಹೊತ್ತು. ಒಳಗೇನ್ ಕೆಲ್ಸ?"

ನಲ್ಲಿ, ಎಂದರು ಆತ.

"ಓಹೋ, ನಲ್ಲೀನಾ? ತಡೀರಿ, ವಾಷರ್ ನನ್ ಹತ್ರ ಐತೆ, ನಾನೂ ಬತ್ತೀನಿ."

ಆಗ ನಾನು ಚಿಲಕ ಸರಿಸಿ ಬಾಗಿಲು ತೆಗೆದೆ. ನನ್ನನ್ನು ನೋಡಿದಾಗ ಆತನ ಕೈಯಲ್ಲಿ ಕೀಲಿ ಇನ್ನೂ ಚಾಚಿಕೊಂಡೇ ಇತ್ತು. ಹಿಟ್ಟಿನ ಡಬ್ಬಗಳನ್ನು ಹಿಡಿದ ಹೆಂಗಸರೆಲ್ಲ ಅದನ್ನು ಕಂಡರು. ಸಿಸ್ಟರಮ್ಮ ಅವರಲ್ಲಿ ಇಬ್ಬರನ್ನು ಕರೆದುಕೊಂಡೇ ಒಳಗೆ ಬಂದು, ನಲ್ಲಿ ತಿರುಗಿಸಿ, ಮುಚ್ಚಿ, ಕೆಳಗೆ ಅಂಗೈ ಹಿಡಿದು ನಿಂತರು. ಒಂದು ಹನಿಯೂ ಬೀಳಲಿಲ್ಲ. ಒಣ ಅಂಗೈಯನ್ನು ಆತನ ಮುಖದ ಮುಂದೆ ಹಿಡಿದರು.

ಆಮೇಲೆ ಬಹಳ ಕಾಲ ಆ ಬೀದಿಯಲ್ಲಿ ಯಾರು ಕಂಡರೂ ಆತನನ್ನು "ನಲ್ಲಿ ಹೆಂಗೈತೆ ಪರಮೇಶಪ್ಪನೋರೆ?" ಎಂದು ವಿಚಾರಿಸುತ್ತಿದ್ದರು. ಬಸ್ ಸ್ಟ್ಯಾಂಡಿನಲ್ಲೂ ಕೇಳಿದರಂತೆ. ಆತ ನಮ್ಮ ಬೀದಿ ಬಿಟ್ಟು ಸುತ್ತುಹಾದಿಯಲ್ಲಿ ಓಡಾಡತೊಡಗಿದರು. ಪಾಪ ಎನಿಸಲಿಲ್ಲವೇ ಎಂದು ಸ್ನೇಹಿತೆಯೊಬ್ಬಳು ಕೇಳಿದ್ದಳು. ಇಲ್ಲ. ಈಗಲೂ ಇಲ್ಲ. ಆ ಕುರ್ಚಿಯನ್ನು ಬಾಗಿಲಿಗೆ ಒರಗಿಸಿದ ರಾತ್ರಿಗಳಿಗೆ ಅದು ಕಡಿಮೆಯೇ ಆಯಿತು.

ಕಳೆದ ವರ್ಷ ಸಿಸ್ಟರಮ್ಮನಿಗೆ ಲಕ್ವ ಹೊಡೆಯಿತು. ಕಡೂರಿನಿಂದ ತಮ್ಮನ ಮಗಳು ಬಂದು ಕರೆದೊಯ್ದಳು. ಹೊರಡುವ ದಿನ ಅವರ ಕೋಣೆಯ ಮೊಳೆಗಳನ್ನು ನಾನು ಕಿತ್ತೆ. ಅವರು ಕುರ್ಚಿಯಲ್ಲಿ ಕೂತು, ಉಳಿದವನ್ನು ಎಡಗೈಯಿಂದ ತೋರಿಸಿದರು. ನೀಲಿ ಡಬ್ಬವನ್ನು ನನ್ನ ಕಡೆಗೆ ಕಾಲಿನಿಂದ ತಳ್ಳಿದರು.

ಸ್ವಲ್ಪ ಕಾಲದಲ್ಲೇ ನನಗೂ ತರೀಕೆರೆಗೆ ವರ್ಗವಾಯಿತು. ನನ್ನ ಮನೆಗೆ ಬರಲಿದ್ದವಳು ಅಂಗನವಾಡಿಯಲ್ಲಿ ಕೆಲಸ ಮಾಡುವ, ಪುಟ್ಟ ಮಗಳಿರುವ ಹೆಂಗಸು. ನನ್ನ ಮೊಳೆಗಳನ್ನೆಲ್ಲ ಕಿತ್ತು, ಸುಣ್ಣ ಒತ್ತಿ, ಹೆಬ್ಬೆರಳಿನಿಂದ ಸವರಿದೆ. ಚಿಲಕಗಳನ್ನೂ ಬೀಗವನ್ನೂ ಮುಟ್ಟಲಿಲ್ಲ. ಪರಮೇಶಪ್ಪ ದೂರದಲ್ಲಿ ನಿಂತು ಕೀಲಿಗೆ ಕೈ ಚಾಚಿದರು. ಬೀಗ ನನ್ನದು ಎಂದು ಹೇಳಿ, ಎರಡು ಕೀಲಿಗಳನ್ನೂ ಆ ಹೆಂಗಸಿನ ಕೈಯಲ್ಲಿಟ್ಟು, ಯಾಕೆ ಎಂಬುದನ್ನು ಆತನ ಎದುರಿಗೇ ಹೇಳಿದೆ.

ತರೀಕೆರೆಗೆ ಹೋಗುವ ಮುನ್ನ ಕಡೂರಿಗೆ ಹೋದೆ. ಸಿಸ್ಟರಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದರು. ಮಾತು ತೊದಲುತ್ತಿತ್ತು. ಆರೋಗ್ಯ ವಿಚಾರಿಸಿದೆ, ಗೋಡೆಯನ್ನೇ ನೋಡುತ್ತಿದ್ದರು. ಮನೆ ಬಿಟ್ಟೆ ಎಂದೆ. ತಟ್ಟನೆ ಈ ಕಡೆ ತಿರುಗಿದರು.

"ಕೀಲಿ... ಅವನಿಗ್ ಕೊಟ್ಯಾ?"

ಇಲ್ಲ ಎಂದೆ. ಅವಳಿಗೆ ಕೊಟ್ಟೆ, ಎರಡನ್ನೂ.

ನೆಟ್ಟಗಿದ್ದ ಅರ್ಧ ಮುಖದಲ್ಲಿ ನಗು ಮೂಡಿತು. ನಾನು ಕಂಡಂತೆ ಅವರು ನಕ್ಕದ್ದು ಅದೊಂದೇ ಸಲ. ಕಿಟಕಿಯ ಮೇಲಿದ್ದ ಕ್ಯಾಲೆಂಡರಿನ ಕಡೆ ಎಡಗೈ ಎತ್ತಿ, ಅದರ ಮೊಳೆ ತಮ್ಮದು ಎಂಬುದನ್ನು ನನಗೆ ತಿಳಿಸಿದರು.

ಅವರು ಹೋದ ಸುದ್ದಿ ಬಂದಾಗ ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಕಡೂರಿನ ಬಸ್ಸು ಹತ್ತಿದೆ. ಆ ಮೊಳೆ ಈಗ ನನ್ನ ಹತ್ತಿರವಿದೆ.