ಹೆಚ್ಚಾದ ಒಂದು ಲೋಟ

ಆ ಭಾನುವಾರ ಏನೇನು ಕೆಡಬಹುದೆಂದು ನಾನು ಗುರುವಾರದಿಂದಲೇ ಯೋಚಿಸಿಟ್ಟಿದ್ದೆ. ಮುಂಬಯಿ ಪಕ್ಕದ ಖಾರಘರದ ಶಾಲೆಯ ಹಾಲ್‌ನ ಕೀಲಿ ಇಟ್ಟುಕೊಂಡ ವಾಚ್‌ಮನ್ ಊರಿಗೆ ಹೋಗಿಬಿಡಬಹುದು. ಕಲ್ಯಾಣದಿಂದ ಬರಬೇಕಾದ ಪಾಸ್ಟರು ಹಳಿ ರಿಪೇರಿಯ ಮೆಗಾ ಬ್ಲಾಕಿನಿಂದಾಗಿ ಠಾಣೆ ರೈಲು ನಿಲ್ದಾಣದಲ್ಲೇ ಸಿಕ್ಕಿಕೊಳ್ಳಬಹುದು. ಹೆಂಡತಿ ಕುದಿಸಿ ಸೋಸಿಟ್ಟ ದ್ರಾಕ್ಷಿ ರಸ ಹುಳಿಯಬಹುದು. ಬೇಕರಿಯವನು ಸಿಹಿ ಬ್ರೆಡ್ ಕಟ್ಟಿಕೊಡಬಹುದು. ನಮ್ಮ ನಂತರ ಅದೇ ಹಾಲ್‌ನಲ್ಲಿ ಕೂಡುವ ಮರಾಠಿ ಸಭೆಯವರು ಅರ್ಧ ಗಂಟೆ ಮೊದಲೇ ಬಂದು ಹೊರಗೆ ಢೋಲಕ್ ಬಿಗಿಯಲು ಶುರುಮಾಡಬಹುದು. ಬಿಳಿ ಮೇಜುಬಟ್ಟೆಯ ಮೇಲೆ ರಸ ಚೆಲ್ಲಬಹುದು. ಸೆಕೆಗೆ ಯಾರಾದರೂ ಎಚ್ಚರ ತಪ್ಪಿ ಬೀಳಬಹುದು, ಬಹುಶಃ ನಾನೇ.

"ನಿಮಗೆ ಚಿಂತೆ ಮಾಡ್ಲಿಕ್ಕೆ ಸಂಬಳ ಉಂಟಾ?" ಎಂದಳು ಹೆಂಡತಿ.

ಇರಲಿಲ್ಲ. ನಮ್ಮ ಪುಟ್ಟ ಕನ್ನಡ ಸಭೆಗೆ ನಾನು ಪುಕ್ಕಟೆ ಕಾರ್ಯದರ್ಶಿ. ಮೂರು ತಿಂಗಳಿಗೊಮ್ಮೆ ಕರ್ತನ ಭೋಜನ: ಯೇಸುವಿನ ನೆನಪಿಗೆ ಒಂದು ಚೂರು ಬ್ರೆಡ್, ಒಂದು ಗುಟುಕು ದ್ರಾಕ್ಷಿ ರಸ. ಅದಕ್ಕೆ ಬರುವವರು ಶನಿವಾರ ಸಂಜೆಯೊಳಗೆ ನನ್ನ ಪುಸ್ತಕದಲ್ಲಿ ಹೆಸರು ಬರೆಸಬೇಕು. ಬರೆಸಲು, ದೀಕ್ಷಾಸ್ನಾನವಾಗಿದೆ ಎಂದು ಊರಿನ ಸಭೆಯಿಂದ ತಂದ ಪತ್ರ ಇರಬೇಕು. ಹೆಸರೆಷ್ಟೋ ಅಷ್ಟೇ ಹೆಬ್ಬೆರಳಿನ ಗಾತ್ರದ ಗಾಜಿನ ಲೋಟ. ಕರಾವಳಿಯಿಂದ ನಮ್ಮ ಹಿಂದಿನವರು ತಂದ ಪದ್ಧತಿ ಇದು. ಅಪ್ಪನಿಗೆ ದೇವರ ಭಯ ಎಷ್ಟಿತ್ತೋ ಗೊತ್ತಿಲ್ಲ, ಈ ಪುಸ್ತಕದ ಭಯವಂತೂ ಇತ್ತು. ನನಗೆ ಎರಡನೆಯದು ಮಾತ್ರ ಬಳುವಳಿಯಾಗಿ ಬಂತು.

ಶನಿವಾರ ಸಂಜೆ ಅವಳು ಮನೆಗೆ ಬಂದಳು. ಕಲಬುರಗಿ ಕಡೆಯವಳು, ಪಕ್ಕದ ಕಾಮೋಠೆಯಲ್ಲಿ ಕಟ್ಟಡದ ಕೆಲಸ. ನಮ್ಮ ಬಿಲ್ಡಿಂಗಿನ ವಾಚ್‌ಮನ್ ಅವಳನ್ನು ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಕಳಿಸಿದ್ದ. ಮೂರು ವರ್ಷದಿಂದ ಪ್ರತಿ ಭಾನುವಾರ ಎಲ್ಲರಿಗಿಂತ ಮೊದಲು ಬಂದು ಹಾಲ್ ಗುಡಿಸಿ ಜಮಖಾನೆ ಹಾಸುವವಳು ಅವಳೇ. ಗುಡಿಸಲಿಕ್ಕೆ ನಾವ್ಯಾರೂ ಪತ್ರ ಕೇಳಿರಲಿಲ್ಲ.

"ಅಣ್ಣಾರ, ನಂದೂ ಹೆಸರ್ ಬರಕೋರಿ. ಸೋಮಾರ ನಸುಕಿಗೆ ಟೆಂಪೋ ಬರ್ತದ. ಸೂರತ್ತಿಗೆ ಹೊಂಟೀವಿ. ಅಲ್ಲಿ ನಮ್ಮ ಮಾತಿನ ಸಭಾ ಇಲ್ಲಂತ. ಒಮ್ಮೆ ಉಂಡು ಹೋಗ್ತೀನ್ರಿ."

"ಊರಿನ ಪತ್ರ ಬಂತಾ?"

"ಎಲ್ಲಿಂದ ಬರಬೇಕ್ರಿ? ಪಾಸ್ಟರ್ ಸತ್ತು ಎರಡ್ ವರ್ಷಾತು. ಕಾಲುವ್ಯಾಗ ಮುಳುಗಿಸಿ ದೀಕ್ಷಾಸ್ನಾನ ಕೊಟ್ಟಾಗ ಅವರೇನು ಚೀಟಿ ಕೊಟ್ಟಿದ್ದಿಲ್ಲ. ತೊಯ್ದ ಸೀರ್ಯಾಗ ಊರ್ ಮುಂದ ನಡಕೊಂತ ಬಂದೀನಿ. ಊರಿಗೂರೇ ನೋಡ್ಯದ. ಅಷ್ಟ ಸಾಕ್ಷಿ ಸಾಲಲ್ಲೇನ್ರಿ?"

ಸಾಲುತ್ತಿತ್ತು. ಆದರೂ ನಾನು ಹಿರಿಯರಿಗೆ ಫೋನ್ ಮಾಡಿದೆ. ಹಿರಿಯರೆಂದರೆ ಉಡುಪಿ ಕಡೆಯ ನಿವೃತ್ತ ಮ್ಯಾನೇಜರು, ಸಭೆಯ ಅಧ್ಯಕ್ಷರು. ಸತ್ಯವೇದಕ್ಕಿಂತ ಸಭೆಯ ನಿಯಮಾವಳಿಯನ್ನು ಹೆಚ್ಚು ಬಾಯಿಪಾಠ ಮಾಡಿದವರು.

"ಪತ್ರ ಇಲ್ಲದಿದ್ದರೆ ಕೇಳುವುದೆಂತ ಮಾರಾಯ್ರೆ? ನಾಳೆ ರಸ್ತೆಯಲ್ಲಿ ಹೋಗುವವರೆಲ್ಲ ಬಂದು ಮೊಣಕಾಲೂರಿದರೆ?"

ಆ ಮೇಜು ಹಾಕಿದ್ದೇ ರಸ್ತೆಯಲ್ಲಿ ಹೋಗುವವರಿಗಲ್ಲವೇ ಎಂದು ಕೇಳಬೇಕಿತ್ತು. "ಅದೂ ಹೌದು ಅನ್ನಿ" ಎಂದೆ. ನನ್ನ ಮುತ್ತಜ್ಜನ ಅಪ್ಪ ಮಿಶನ್ನಿನವರ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುತ್ತಿದ್ದವನು. ಕುಲದವರು ಹೊರಗೆ ಹಾಕಿದರೂ ಯೇಸುವನ್ನು ನಂಬಿದ. ಅವನ ಕೈಯಲ್ಲಿ ಯಾವ ಪತ್ರವಿತ್ತು? ಅವನು ನಂಬಿದ, ನಾವು ಅವನ ಸಂತಾನವಾಗಿ ಹುಟ್ಟಿದೆವು. ನಮ್ಮ ಸಾಧನೆ ಅಷ್ಟೇ.

ಬಾಗಿಲಲ್ಲಿ ನಿಂತಿದ್ದವಳಿಗೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. "ನಾಳೆ ಬಾರಮ್ಮ, ನೋಡುವಾ" ಎಂದೆ. ಹೇಡಿಗಳಿಗೆ ಕನ್ನಡ ಭಾಷೆ ಕೊಟ್ಟ ಅತ್ಯುತ್ತಮ ಪದ ಅದು, ನೋಡುವಾ.

ಪುಸ್ತಕದಲ್ಲಿ ನಲವತ್ತೊಂದು ಹೆಸರಿದ್ದವು. ಭಾನುವಾರ ಬೆಳಿಗ್ಗೆ ನಾನು ನಲವತ್ತೆರಡು ಲೋಟ ತುಂಬಿದೆ. ಹೆಸರು ಬರೆಯುವ ಧೈರ್ಯವಿರಲಿಲ್ಲ; ರಸ ಸುರಿಯುವಷ್ಟು ಮಾತ್ರ ಇತ್ತು. ಕೊನೆಯ ಸಾಲಿನವರ ಜೊತೆ ಅವಳೂ ಸದ್ದಿಲ್ಲದೆ ಮೊಣಕಾಲೂರಿದರೆ ಯಾರು ನೋಡುತ್ತಾರೆ ಎಂಬುದು ನನ್ನ ಮಹಾ ಯೋಜನೆ.

ವಾಚ್‌ಮನ್ ಊರಿಗೆ ಹೋಗಿರಲಿಲ್ಲ. ಪಾಸ್ಟರು ಹತ್ತು ನಿಮಿಷ ಮೊದಲೇ ಬಂದರು. ಪ್ರಸಂಗ ಸುಂಕದವನ ಪ್ರಾರ್ಥನೆಯ ಮೇಲೆ. ತನ್ನ ನೇಮನಿಷ್ಠೆಯನ್ನು ಹೊಗಳಿಕೊಂಡ ಫರಿಸಾಯನಲ್ಲ, ದೂರದಲ್ಲಿ ನಿಂತು ಎದೆ ಬಡಿದುಕೊಂಡ ಸುಂಕದವನೇ ನೀತಿವಂತನಾಗಿ ಮನೆಗೆ ಹೋದನೆಂದು ಅವರು ಹೇಳುವಾಗ ಹಿರಿಯರು ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದರು. ಫರಿಸಾಯರನ್ನು ಬೈಯುವುದು ನಮ್ಮವರಿಗೆ ಬಹಳ ಇಷ್ಟ. ಸತ್ತು ಎರಡು ಸಾವಿರ ವರ್ಷವಾದವರು, ತಿರುಗಿ ಬೈಯುವುದಿಲ್ಲ.

ಕೊನೆಯ ಸಾಲು ಎದ್ದಿತು. ಅವಳೂ ಸೆರಗು ಹೊದ್ದು, ಒಗೆದ ನೀಲಿ ಸೀರೆಯಲ್ಲಿ, ಎಲ್ಲರ ಹಿಂದೆ ಬಂದಳು. ಹಿರಿಯರು ನನ್ನ ಕಡೆ ತಿರುಗಿ, ಇಡೀ ಹಾಲ್‌ಗೆ ಕೇಳುವ ಪಿಸುದನಿಯಲ್ಲಿ, "ಹೆಸರುಂಟಾ?" ಎಂದರು.

ಉಂಟು ಎಂದಿದ್ದರೆ ಮುಗಿಯುತ್ತಿತ್ತು. ನಾನು ಪುಸ್ತಕ ತೆರೆದು ಹುಡುಕತೊಡಗಿದೆ. ಇಲ್ಲವೆಂದು ಗೊತ್ತಿದ್ದ ಹೆಸರಿಗಾಗಿ ಮೊದಲ ಪುಟ, ಎರಡನೆಯ ಪುಟ, ಮತ್ತೆ ಮೊದಲ ಪುಟ. ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತಲೇ ಇತ್ತು. ಪಾಸ್ಟರು ತಟ್ಟೆ ಹಿಡಿದು ಹಿರಿಯರ ಮುಖ ನೋಡುತ್ತಿದ್ದರು. ಅವಳು ನನ್ನ ಬೆರಳನ್ನು ನೋಡುತ್ತಿದ್ದಳು.

"ಇರ್ಲಿ ಬಿಡ್ರಿ ಅಣ್ಣಾರ, ಹುಡಕಬ್ಯಾಡ್ರಿ," ಎಂದಳು. ಸಿಟ್ಟಿರಲಿಲ್ಲ, ನನ್ನ ಮೇಲೇ ಕನಿಕರಪಟ್ಟಂತಿತ್ತು. ಜಮಖಾನೆಯ ಅಂಚಿಗೆ ಹೋಗಿ ಕೂತು, ತಲೆ ಬಗ್ಗಿಸಿ, ತುಟಿ ಅಲ್ಲಾಡಿಸುತ್ತಿದ್ದಳು. ಕೊನೆಯ ಕೀರ್ತನೆ ಮುಗಿದು ನಾನು ತಲೆಯೆತ್ತುವಾಗ ಅವಳಿರಲಿಲ್ಲ. ಎಂದಿನಂತೆ ಬಾಗಿಲಲ್ಲಿ ಎಲ್ಲರ ಚಪ್ಪಲಿಗಳನ್ನು ಜೋಡಿಸಿಟ್ಟು ಹೋಗಿದ್ದಳು.

ರಸ ಹುಳಿದಿರಲಿಲ್ಲ. ಬ್ರೆಡ್ ಸಪ್ಪಗೇ ಇತ್ತು. ಮೇಜುಬಟ್ಟೆ ಹಾಲಿನಷ್ಟು ಬಿಳಿ. ಮರಾಠಿ ಸಭೆಯವರು ಸರಿಯಾದ ಸಮಯಕ್ಕೆ ಬಂದರು. ಯಾರೂ ಬೀಳಲಿಲ್ಲ, ನಾನೂ.

ತಟ್ಟೆ ಎತ್ತಿಡುವಾಗ ಹಿರಿಯರು ನಿಂತರು. "ಎಂತದು ಮಾರಾಯ್ರೆ, ಒಂದು ತುಂಬಿದ್ದು ಹಾಗೇ ಉಂಟಲ್ಲ! ಇಷ್ಟು ಸಣ್ಣ ಕೆಲಸ."

ಉಳಿದದ್ದನ್ನು ಚೆಲ್ಲಬಾರದು, ಕಾರ್ಯದರ್ಶಿ ಕುಡಿಯಬೇಕೆಂಬುದು ಪದ್ಧತಿ. ಕುಡಿದೆ. ಸಿಹಿಯಾಗಿತ್ತು. ಹಿರಿಯರು ವರದಿ ಪುಸ್ತಕ ತೆಗೆದು, ಆ ದಿನದ ಲೋಪಗಳ ಕೆಳಗೆ ತಮ್ಮ ಮುದ್ದಾದ ಅಕ್ಷರದಲ್ಲಿ ಬರೆದರು: ಒಂದು ಲೋಟ ಹೆಚ್ಚಾಗಿ ತುಂಬಲಾಗಿತ್ತು.